ಎಫೆಕ್ಟ್ ಒಳಗೇ ಇರುವ ಅಕೂಸ್ಟಿಕ್ ಗಿಟಾರ್: ನಾನು ಆರಿಸಿದ ಬಗೆ

ನಾನು ಗಿಟಾರ್ ನುಡಿಸುವುದು ಹೆಚ್ಚಾಗಿ ರಾತ್ರಿ, ಒಬ್ಬನೇ, ಸಣ್ಣ ಕೋಣೆಯಲ್ಲಿ ಕೂತು. ಬೆರಳಿನಿಂದ ಮೀಟುವ ನಿಧಾನದ ತುಣುಕುಗಳೇ ಜಾಸ್ತಿ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಕೋಣೆಯಲ್ಲಿ ತಂತಿಯ ದನಿ ಹುಟ್ಟಿದ ಕೂಡಲೇ ಅಡಗಿಬಿಡುತ್ತದೆ. ಒಂದು ಸ್ವರಕ್ಕೂ ಮುಂದಿನ ಸ್ವರಕ್ಕೂ ನಡುವೆ ಏನೂ ಉಳಿಯುವುದಿಲ್ಲ. ಅಲ್ಲಿ ಸ್ವಲ್ಪ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ದನಿ ನಿಂತ ಮೇಲೂ ಉಳಿಯುವ ಗುಂಗು) ಇದ್ದಿದ್ದರೆ ಅಂತ ಬಹಳ ದಿನ ಅನಿಸುತ್ತಿತ್ತು. ಆದರೆ ಅದಕ್ಕೆ ತಂತಿಯ ಕಂಪನ ಹಿಡಿಯುವ ಪಿಕಪ್ ಬೇಕು, ಕೇಬಲ್ ಬೇಕು, ರಿವರ್ಬ್ ಸೇರಿಸುವ ಪೆಡಲ್ ಬೇಕು, ದನಿ ದೊಡ್ಡದು ಮಾಡುವ ಆಂಪ್ ಬೇಕು. ಅಷ್ಟನ್ನೂ ಜೋಡಿಸುವ ಹೊತ್ತಿಗೆ ನುಡಿಸುವ ಮನಸ್ಸೇ ಇಳಿದಿರುತ್ತದೆ. ಹಾಗಾಗಿ ರಿವರ್ಬ್‌ನಂಥ ಎಫೆಕ್ಟ್ ಒಳಗೇ ಇರುವ ಅಕೂಸ್ಟಿಕ್ ಗಿಟಾರ್ ಕೊಳ್ಳಲು ಹೊರಟೆ. ಹೇಗೆ ಹುಡುಕಿದೆ, ಏನೇನು ನೋಡಿದೆ, ಯಾಕೆ ಒಂದನ್ನು ಬಿಟ್ಟು ಇನ್ನೊಂದನ್ನು ತಂದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಕೆಲಸ ಮಾಡುವ ರೀತಿ ತಿಳಿದಿರಬೇಕು. ಇಲ್ಲದಿದ್ದರೆ ಅಂಗಡಿಯಲ್ಲಿ ಏನನ್ನು ಪರೀಕ್ಷೆ ಮಾಡಬೇಕು ಅಂತ ಹೊಳೆಯುವುದಿಲ್ಲ. ಒಳಗೆ ಸ್ಪೀಕರ್ ಇಟ್ಟಿರುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಿಲ್ಲ. ಸ್ಯಾಡಲ್ (ಮುಂದಿನ ಹಲಗೆಯ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ) ಕೆಳಗಿರುವ ಪಿಕಪ್ ತಂತಿಯ ಕಂಪನವನ್ನು ಹಿಡಿಯುತ್ತದೆ. ಒಳಗಿನ ಸಣ್ಣ ಸರ್ಕ್ಯೂಟ್ ಅದಕ್ಕೆ ರಿವರ್ಬ್, ಕೋರಸ್ ಸೇರಿಸುತ್ತದೆ. ಆ ಸಿಗ್ನಲ್ ಗಿಟಾರಿನ ಹಿಂಬದಿ ಹಲಗೆಗೆ ಒಳಗಿನಿಂದ ಅಂಟಿಸಿರುವ ಒಂದು ಆಕ್ಚುಯೇಟರಿಗೆ ಹೋಗುತ್ತದೆ. ಆಕ್ಚುಯೇಟರ್ ಅಂದರೆ ಹಲಗೆಯನ್ನು ನಡುಗಿಸುವ ಪುಟ್ಟ ಸಾಧನ. ಹಿಂದಿನ ಹಲಗೆ ನಡುಗಿದಾಗ ಹೊಟ್ಟೆಯೊಳಗಿನ ಗಾಳಿಯೂ ನಡುಗುತ್ತದೆ. ತಂತಿಯ ಸ್ವಂತ ದನಿಯ ಜೊತೆ ಬೆರೆತು ಎರಡೂ ಒಟ್ಟಿಗೆ ಮುಂದಿನ ಹಲಗೆಯ ದುಂಡು ತೂತಿನಿಂದ, ಅಂದರೆ ಸೌಂಡ್ ಹೋಲಿನಿಂದ, ಹೊರಗೆ ಬರುತ್ತವೆ. ಅಂದರೆ ಇಲ್ಲಿ ಗಿಟಾರೇ ಸ್ಪೀಕರ್. ಆಂಪ್ ಬೇಡ, ಕೇಬಲ್ ಬೇಡ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ಎಫೆಕ್ಟ್ ಹತ್ತಿರದಲ್ಲಿ, ಮೆಲ್ಲನೆ ಕೇಳುವ ಎಫೆಕ್ಟ್. ಆಕ್ಚುಯೇಟರಿನ ಶಕ್ತಿಗೆ ಮಿತಿ ಇದೆ. ಮೆತ್ತಗೆ ಬೆರಳಲ್ಲಿ ಮೀಟಿದರೆ ರಿವರ್ಬ್ ಚೆನ್ನಾಗಿ ಅರಳುತ್ತದೆ. ಪಿಕ್ ಹಿಡಿದು ಜೋರಾಗಿ ಸ್ಟ್ರಮ್ ಮಾಡಿದರೆ (ಎಲ್ಲ ತಂತಿಗಳನ್ನೂ ಒಟ್ಟಿಗೆ ಬೀಸಿ ನುಡಿಸಿದರೆ) ತಂತಿಯ ದನಿಯೇ ಅದನ್ನು ಮುಳುಗಿಸಿಬಿಡುತ್ತದೆ. ಕೋಣೆಯ ಆ ತುದಿಯಲ್ಲಿ ಕೂತವರಿಗೆ ಅರ್ಧವೂ ಕೇಳಿಸುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಖಚಿತ: ಇದು ಮೊದಲು ನುಡಿಸುವವರ ಕಿವಿಗೆ ಮಾಡಿದ ವಾದ್ಯ. ಸಭೆಯಲ್ಲಿ ನುಡಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ, ಅದೇ ಹಣಕ್ಕೆ ಇನ್ನೂ ಒಳ್ಳೆಯ ಸಾದಾ ಗಿಟಾರ್ ಮತ್ತು ಒಂದು ರಿವರ್ಬ್ ಪೆಡಲ್ ತೆಗೆದುಕೊಳ್ಳುವುದು ವಾಸಿ.

ನನ್ನ ಮುಂದೆ ಮೂರು ದಾರಿಗಳಿದ್ದವು.

ಒಂದು, ಯಮಾಹಾದ ಟ್ರಾನ್ಸ್‌ಅಕೂಸ್ಟಿಕ್ ಗಿಟಾರುಗಳು. 2016ರಲ್ಲಿ ಮೊದಲು ಬಂದವು. ಮರದ ಗಿಟಾರ್, ಪಕ್ಕದಲ್ಲಿ ಮೂರು ನಾಬ್, ಅಷ್ಟೇ. ಒಂದು ಕೋರಸ್‌ಗೆ, ಒಂದು ರಿವರ್ಬ್‌ಗೆ, ಇನ್ನೊಂದು ಲೈನ್ ಔಟ್ (ಹೊರಗಿನ ಆಂಪಿಗೆ ಕೇಬಲ್ ಸಿಕ್ಕಿಸುವ ಜಾಗ) ವಾಲ್ಯೂಮಿಗೆ. ಆ ಮೂರನೆಯದನ್ನೇ ಒತ್ತಿ ಹಿಡಿದರೆ ಎಫೆಕ್ಟ್ ಆನ್ ಆಗುತ್ತದೆ. ರಿವರ್ಬ್ ನಾಬ್‌ನಲ್ಲೇ ಎರಡು ಬಗೆ ಇವೆ. ಅರ್ಧದವರೆಗೆ ತಿರುಗಿಸಿದರೆ ಸಣ್ಣ ಕೋಣೆಯ ರಿವರ್ಬ್, ಅದನ್ನು ದಾಟಿದರೆ ದೊಡ್ಡ ಹಾಲ್‌ನದು. ಇದೇ ಕಂಪನಿಯ ಹೊಸ ಟಿಎಜಿ3 ಸಿ ಮಾದರಿಯಲ್ಲಿ ಡಿಲೇ (ದನಿಯ ಮಾರ್ದನಿ), ಲೂಪರ್ (ನುಡಿಸಿದ ತುಣುಕನ್ನು ಮತ್ತೆ ಮತ್ತೆ ಕೇಳಿಸುವುದು), ಬ್ಲೂಟೂತ್ ಕೂಡ ಇವೆ, ಬ್ಯಾಟರಿಯನ್ನು ಚಾರ್ಜ್ ಮಾಡಬಹುದು.

ಎರಡು, ಲಾವಾ ಮಿ 3. ಇದು ಕಾರ್ಬನ್ ಫೈಬರಿನದು. ಮೈಮೇಲೆ ಟಚ್‌ಸ್ಕ್ರೀನ್ ಇದೆ. ಎಫೆಕ್ಟ್ ಅಲ್ಲದೆ ಟ್ಯೂನರ್, ಮೆಟ್ರೊನೋಮ್, ಡ್ರಮ್ ತಾಳ, ಲೂಪ್, ರೆಕಾರ್ಡಿಂಗ್ ಎಲ್ಲವೂ ಒಳಗೇ. ಹವಾಮಾನ ಬದಲಾದರೂ ಮೈ ಬಾಗುವುದಿಲ್ಲ, ಬಿರಿಯುವುದಿಲ್ಲ. ಪ್ರಯಾಣ ಜಾಸ್ತಿ ಇರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಮೂರು, ಇರುವ ಗಿಟಾರಿಗೇ ಟೋನ್‌ವುಡ್‌ಆಂಪ್ ಹಾಕಿಕೊಳ್ಳುವುದು. ಗಿಟಾರಿನ ಒಳಗೆ ಅಯಸ್ಕಾಂತದ ಒಂದು ಪಟ್ಟಿ ಇಟ್ಟು, ಹೊರಗಿನಿಂದ ಬೆನ್ನಿಗೆ ಪೆಟ್ಟಿಗೆಯನ್ನು ಅಂಟಿಸಬೇಕು. ಗಿಟಾರಿನಲ್ಲಿ ಪಿಕಪ್ ಇರಬೇಕು. ಹಳೆಯ ಗಿಟಾರಿನ ಮೇಲೆ ಪ್ರೀತಿ ಇರುವವರಿಗೆ ಇದೇ ಸರಿಯಾದ ದಾರಿ ಅಂತ ಈಗಲೂ ಹೇಳುತ್ತೇನೆ. ನನ್ನ ಹಳೆಯ ಗಿಟಾರಿನಲ್ಲಿ ಪಿಕಪ್ ಇರಲಿಲ್ಲ. ಅದರ ಕತ್ತೂ ಸ್ವಲ್ಪ ಬಾಗಿತ್ತು. ಹಾಗಾಗಿ ಈ ದಾರಿ ಬಿಟ್ಟೆ.

ಅಂಗಡಿಯಲ್ಲಿ ಮಾರುವವರು ಮೊದಲು ಏನು ಮಾಡುತ್ತಾರೆ ಹೇಳಿ? ರಿವರ್ಬ್, ಕೋರಸ್ ಎರಡರ ನಾಬನ್ನೂ ಪೂರ್ತಿ ತಿರುಗಿಸಿ ಕೈಗೆ ಕೊಡುತ್ತಾರೆ. ಒಂದು ಕಾರ್ಡ್ ಮೀಟಿದರೆ ಸಾಕು, ಮೈ ಜುಂ ಅನ್ನುತ್ತದೆ. ಯಾವ ಗಿಟಾರ್ ಆದರೂ ಆಗ ಸುಂದರವೇ. ಬಚ್ಚಲಲ್ಲಿ ಹಾಡಿದರೆ ಎಲ್ಲರ ಗಂಟಲೂ ಇಂಪಾಗುತ್ತದಲ್ವಾ, ಹಾಗೆ. ಅದಕ್ಕೇ ನಾನು ಕೈಗೆ ತೆಗೆದುಕೊಂಡ ಪ್ರತಿ ಗಿಟಾರಿನಲ್ಲೂ ಮೊದಲು ಎಫೆಕ್ಟ್ ಆಫ್ ಮಾಡಿದೆ. ಸಾದಾ ಗಿಟಾರಾಗಿ ಅದು ನನಗೆ ಇಷ್ಟವಾಗಬೇಕು. ಎಲೆಕ್ಟ್ರಾನಿಕ್ಸ್ ಒಂದು ದಿನ ಕೈಕೊಟ್ಟರೂ ಮರ, ತಂತಿ, ಫ್ರೆಟ್ (ಕತ್ತಿನ ಮೇಲಿನ ಲೋಹದ ಗೆರೆಗಳು) ಉಳಿಯುತ್ತವೆ. ಅವು ಚೆನ್ನಾಗಿದ್ದರೆ ಮಾತ್ರ ಆ ಗಿಟಾರ್ ಮನೆಗೆ ಬರಬೇಕು.

ಆಫ್ ಮಾಡಿ ನೋಡಿದ್ದು ಇವು. ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ? ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ಸಣ್ಣ ತಂತಿಗೆ ಸುಮಾರು 2 ಮಿಲಿಮೀಟರ್ ಇದ್ದರೆ ನನ್ನ ಬೆರಳಿಗೆ ಹಿತ. ಅದೇ ಫ್ರೆಟ್‌ನಲ್ಲಿ ಮೊದಲು ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ತೆಗೆಯುವ ದನಿ) ನುಡಿಸಿ, ಆಮೇಲೆ ಒತ್ತಿ ನುಡಿಸಿ, ಟ್ಯೂನರಿನಲ್ಲಿ ಎರಡೂ ಒಂದೇ ತೋರಿಸುತ್ತವೆಯಾ ಅಂತ ನೋಡಿದೆ. ವ್ಯತ್ಯಾಸ ಕಂಡರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ನಿಲ್ಲುವುದಿಲ್ಲ. ರಿವರ್ಬ್ ಹಾಕಿದಾಗ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಹಿಂದಿನ ಸ್ವರದ ಬಾಲ ಹೊಸ ಸ್ವರದ ಮೇಲೆ ಬಿದ್ದು ಎರಡೂ ಕಚ್ಚಾಡುತ್ತವೆ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒಂದೊಂದು ಸಲ ಮೀಟಿದೆ. ಎಲ್ಲಾದರೂ ಜರ್ ಅಂತ ಸದ್ದು ಬಂದರೆ ಆ ಗಿಟಾರನ್ನು ಅಲ್ಲೇ ಕೆಳಗಿಟ್ಟೆ.

ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಯಮಾಹಾದಲ್ಲಿ ಎಫ್‌ಜಿ-ಟಿಎ ದೊಡ್ಡ ಮೈಯದು, ಡ್ರೆಡ್‌ನಾಟ್ ಆಕಾರ. ಎಫ್‌ಎಸ್‌-ಟಿಎ ಅದಕ್ಕಿಂತ ಚಿಕ್ಕದು, ತೆಳ್ಳಗಿನದು. ದೊಡ್ಡದರಲ್ಲಿ ಮಂದ್ರ ದನಿ ತುಂಬಾ ಚೆನ್ನಾಗಿದೆ, ಹಾಡಿನ ಜೊತೆ ಸ್ಟ್ರಮ್ ಮಾಡುವವರಿಗೆ ಒಪ್ಪುತ್ತದೆ. ಆದರೆ ಅದಕ್ಕೆ ಹಾಲ್ ರಿವರ್ಬ್ ಸೇರಿಸಿದರೆ ಕೆಳಗಿನ ಸ್ವರಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತಿದ್ದವು. ಚಿಕ್ಕ ಮೈಯ ಗಿಟಾರಿನಲ್ಲಿ ನಡುವಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ರಿವರ್ಬ್ ಬಂದರೂ ಹಾಗೇ ಉಳಿಯುತ್ತವೆ. ಬೆರಳಲ್ಲಿ ಮೀಟುವವರಿಗೆ ಚಿಕ್ಕದೇ ಮೇಲು ಅನ್ನುವುದು ನನ್ನ ಅನುಭವ. ನೈಲಾನ್ ತಂತಿ ಬೇಕಾದವರಿಗೆ ಸಿಜಿ-ಟಿಎ ಅನ್ನುವ ಮಾದರಿಯೂ ಇದೆ. ಅದರ ಮೃದು ದನಿಗೆ ರಿವರ್ಬ್ ತುಂಬಾ ಹೊಂದುತ್ತದೆ, ಆದರೆ ನನ್ನ ಕೈ ಸ್ಟೀಲ್ ತಂತಿಗೆ ಒಗ್ಗಿದೆ.

ಇಷ್ಟಾದ ಮೇಲೆ ಎಫೆಕ್ಟ್ ಆನ್ ಮಾಡಿದೆ. ಇಲ್ಲಿ ಬೇಗ ಮುಗಿಸಬಾರದು, ಸಮಯ ಕೊಡಬೇಕು.

ಮೊದಲು ಏನೂ ನುಡಿಸದೆ ಸುಮ್ನೆ ಕೇಳಿ. ಹಿಸ್ ಅನ್ನುವ ಸದ್ದು ಇದೆಯಾ? ಅಂಗಡಿಯ ಗದ್ದಲದಲ್ಲಿ ಇದು ತಿಳಿಯುವುದಿಲ್ಲ. ನಾನು ಕೇಳಿಕೊಂಡು ಒಳಗಿನ ಸಣ್ಣ ಕೋಣೆಗೆ ಹೋಗಿ, ಬಾಗಿಲು ಹಾಕಿ, ಕಿವಿಯನ್ನು ಸೌಂಡ್ ಹೋಲಿನ ಹತ್ತಿರ ತಂದು ಕೇಳಿದೆ. ರಾತ್ರಿ ನುಡಿಸುವವರಿಗೆ ಈ ಪರೀಕ್ಷೆ ತುಂಬಾ ಮುಖ್ಯ.

ಆಮೇಲೆ ರಿವರ್ಬನ್ನು ಕಾಲು ಭಾಗ ಮಾತ್ರ ತಿರುಗಿಸಿ, ಒಂದೇ ಸ್ವರ ಮೀಟಿ, ಪೂರ್ತಿ ಅಡಗುವವರೆಗೆ ಕಾಯಿರಿ. ಬಾಲ ನಯವಾಗಿ ಕರಗಬೇಕು. ತಗಡಿನ ಸದ್ದು ಬರಬಾರದು, ನಡುವೆ ತಟ್ಟನೆ ಕತ್ತರಿಸಿದ ಹಾಗೆ ನಿಲ್ಲಬಾರದು. ಪೂರ್ತಿ ತಿರುಗಿಸಿದಾಗ ಚೆನ್ನಾಗಿ ಕೇಳುವುದು ದೊಡ್ಡದಲ್ಲ. ದಿನಾ ಬಳಸುವುದು ಕಾಲು ಭಾಗದಿಂದ ಅರ್ಧದವರೆಗೆ, ಅಲ್ಲಿ ಚೆನ್ನಾಗಿರಬೇಕು.

ಕೋರಸ್ ಬಗ್ಗೆ ಎರಡೇ ಮಾತು. ಸಿಗ್ನಲ್ಲಿನ ಒಂದು ನಕಲನ್ನು ಕೆಲವೇ ಮಿಲಿಸೆಕೆಂಡು ತಡಮಾಡಿ, ಅದರ ಶ್ರುತಿಯನ್ನು ಒಂಚೂರು ಅಲುಗಾಡಿಸಿ, ಮೂಲದ ಜೊತೆ ಬೆರೆಸುವುದೇ ಕೋರಸ್. ಎರಡು ಗಿಟಾರ್ ಒಟ್ಟಿಗೆ ನುಡಿದ ಹಾಗೆ ಕೇಳುತ್ತದೆ. ಚೂರು ಇದ್ದರೆ ಚೆಂದ, ಜಾಸ್ತಿಯಾದರೆ ಶ್ರುತಿ ತಪ್ಪಿದ ಹಾಗೆ ಅನಿಸುತ್ತದೆ.

ಮುಂದಿನದು ಕಿರುಚಾಟದ ಪರೀಕ್ಷೆ. ಪಿಕಪ್ ಹಿಡಿದ ಕಂಪನ ಆಕ್ಚುಯೇಟರಿಗೆ ಹೋಗುತ್ತದೆ, ಆಕ್ಚುಯೇಟರ್ ಅದೇ ಮೈಯನ್ನು ನಡುಗಿಸುತ್ತದೆ, ಅದನ್ನು ಮತ್ತೆ ಪಿಕಪ್ ಹಿಡಿಯುತ್ತದೆ. ಈ ಸುತ್ತು ಮಿತಿ ಮೀರಿದರೆ ಊಂ ಅಂತ ದನಿ ತಾನಾಗಿ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ರಿವರ್ಬ್ ಪೂರ್ತಿ ಇಟ್ಟು, ದಪ್ಪ ತಂತಿಗಳನ್ನು ಮುಚ್ಚದೆ ಮೀಟಿ, ಸುಮ್ಮನೆ ಬಿಟ್ಟು ನೋಡಿದೆ. ನಾನು ನೋಡಿದ ಗಿಟಾರುಗಳಲ್ಲಿ ಒಂದು ಹೀಗೆ ಗುಂಯ್‌ಗುಡಲು ಶುರುಮಾಡಿತು. ಅದನ್ನು ವಾಪಸ್ ಕೊಟ್ಟೆ. ಒಂದೇ ಮಾದರಿಯ ಎರಡು ಗಿಟಾರಿನಲ್ಲೂ ಈ ವ್ಯತ್ಯಾಸ ಇರಬಹುದು. ಹಾಗಾಗಿ ನೀವು ನುಡಿಸಿದ ಅದೇ ಗಿಟಾರನ್ನು ಮನೆಗೆ ತನ್ನಿ, ಒಳಗಿನಿಂದ ಹೊಸ ಪೆಟ್ಟಿಗೆ ತಂದುಕೊಡುತ್ತೇವೆ ಅಂದರೆ ಅದನ್ನೂ ತೆರೆಸಿ ನುಡಿಸಿ ನೋಡಿ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಫೆಕ್ಟ್ ಹುಟ್ಟುವುದು ಹಿಂದಿನ ಹಲಗೆಯಲ್ಲಿ. ಆ ಹಲಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದರೆ ನಡುಗಲು ಜಾಗವೇ ಇರುವುದಿಲ್ಲ. ನಿಮ್ಮ ಮಾಮೂಲಿ ಭಂಗಿಯಲ್ಲೇ ಕೂತು ನೋಡಿ. ಆಮೇಲೆ ಗಿಟಾರನ್ನು ಮೈಯಿಂದ ಎರಡು ಬೆರಳಷ್ಟು ದೂರ ಹಿಡಿದು ನೋಡಿ. ವ್ಯತ್ಯಾಸ ತಕ್ಷಣ ಕೇಳಿಸುತ್ತದೆ. ಎಡಗಾಲನ್ನು ಪುಟ್ಟ ಸ್ಟೂಲಿನ ಮೇಲಿಟ್ಟು, ಗಿಟಾರನ್ನು ಓರೆಯಾಗಿ ನಿಲ್ಲಿಸಿ ನುಡಿಸುವ ಭಂಗಿಯಲ್ಲಿ ಹಲಗೆಗೆ ಮೈ ತಾಗುವುದು ಕಡಿಮೆ. ಈ ಗಿಟಾರ್ ಬಂದ ಮೇಲೆ ನಾನು ಕೂರುವ ರೀತಿಯೇ ಬದಲಾಯಿತು.

ಬ್ಯಾಟರಿಯನ್ನೂ ಕೇಳಿ ತಿಳಿದುಕೊಳ್ಳಿ. ಎಫ್‌ಎಸ್‌-ಟಿಎಗೆ ಎರಡು ಎಎ ಸೆಲ್ ಸಾಕು, ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಒಳಗೇ ಚಾರ್ಜ್ ಆಗುವ ಬ್ಯಾಟರಿ ದಿನಬಳಕೆಗೆ ಸುಲಭ. ಆದರೆ ಅಂಥ ಬ್ಯಾಟರಿ ವರ್ಷಗಳಾದಂತೆ ಸೊರಗುತ್ತದೆ, ಆಗ ಬದಲಾಯಿಸಿ ಕೊಡುವವರು ಹತ್ತಿರದಲ್ಲಿ ಇದ್ದಾರಾ ಅಂತ ಮೊದಲೇ ಯೋಚಿಸಬೇಕು. ಒಂದು ಒಳ್ಳೆಯ ಗಿಟಾರ್ ಹತ್ತಾರು ವರ್ಷ ಬಾಳುತ್ತದೆ. ಟಚ್‌ಸ್ಕ್ರೀನ್ ಅಷ್ಟು ಕಾಲ ಬಾಳುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಕೊನೆಗೆ ತಂದದ್ದು ಎಫ್‌ಎಸ್‌-ಟಿಎ. ಮುಂದಿನ ಹಲಗೆ ಸಾಲಿಡ್ ಸ್ಪ್ರೂಸ್, ಅಂದರೆ ಪದರ ಅಂಟಿಸಿದ್ದಲ್ಲದ ಗಟ್ಟಿ ಮರ. ಆಫ್ ಇದ್ದಾಗಲೂ ದನಿ ತಿಳಿಯಾಗಿದೆ. ಲೂಪರ್ ಬೇಕು, ಡ್ರಮ್ ತಾಳ ಬೇಕು, ಒಬ್ಬರೇ ಪದರ ಪದರವಾಗಿ ಹಾಡು ಕಟ್ಟಬೇಕು ಅನ್ನುವವರಿಗೆ ಲಾವಾ ಅಥವಾ ಹೊಸ ಟಿಎಜಿ3 ಸಿ ಹೆಚ್ಚು ಕೊಡುತ್ತವೆ. ನನಗೆ ಮಾತ್ರ ಗಿಟಾರಿನ ಮೇಲೆ ಪರದೆ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೂರು ನಾಬ್ ಕತ್ತಲಲ್ಲೂ ಕೈಗೆ ಸಿಗುತ್ತವೆ.

ಈಗ ಬಳಸುವ ರೀತಿ ಹೇಳುತ್ತೇನೆ. ಸ್ಕೇಲ್, ಹೊಸ ಪಾಠ, ಮೆಟ್ರೊನೋಮ್ ಜೊತೆಗಿನ ಸಾಧನೆ, ಇವೆಲ್ಲ ಎಫೆಕ್ಟ್ ಆಫ್ ಮಾಡಿಯೇ. ರಿವರ್ಬ್ ಒರಟು ಬೆರಳನ್ನು ಮುಚ್ಚಿಹಾಕುತ್ತದೆ. ಎಲ್ಲಿ ತಂತಿ ಸರಿಯಾಗಿ ಒತ್ತಿಲ್ಲ, ಎಲ್ಲಿ ತಾಳ ಜಾರಿತು ಅನ್ನುವುದು ಕೇಳುವುದಿಲ್ಲ. ಕಲಿಯಲು ಈಗಷ್ಟೇ ಶುರುಮಾಡಿದವರಿಗೆ ಈ ಮಾತು ಒತ್ತಿ ಹೇಳುತ್ತೇನೆ. ಪಾಠ ಕೈಗೆ ಕೂತ ಮೇಲೆ ಆನ್ ಮಾಡುತ್ತೇನೆ. ಆಗ ನುಡಿಸುವ ವೇಗ ತಾನಾಗಿ ಇಳಿಯುತ್ತದೆ. ಸ್ವರಗಳ ನಡುವೆ ಜಾಗ ಬಿಡುವ ಧೈರ್ಯ ಬರುತ್ತದೆ. ಮೊದಲು ಖಾಲಿ ಅನಿಸಿ ಏನಾದರೂ ತುರುಕುತ್ತಿದ್ದ ಕಡೆ ಈಗ ಕಾಯುತ್ತೇನೆ. ಒಂದು ಉಪಕರಣ ನುಡಿಸುವ ರೀತಿಯನ್ನೇ ಇಷ್ಟು ತಿದ್ದುತ್ತದೆ ಅಂತ ಕೊಳ್ಳುವಾಗ ಅಂದುಕೊಂಡಿರಲಿಲ್ಲ.

ರೆಕಾರ್ಡ್ ಮಾಡುವವರಿಗೆ ಒಂದು ಎಚ್ಚರಿಕೆ. ಮೈಕ್ ಎದುರು ಎಫೆಕ್ಟ್ ಜೊತೆ ನುಡಿಸಿದರೆ ಅದು ದನಿಯಲ್ಲೇ ಬೆರೆತು ಹೋಗುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ. ಎಡಿಟ್ ಮಾಡುವ ಉದ್ದೇಶ ಇದ್ದರೆ ಆಫ್ ಮಾಡಿ ನುಡಿಸಿ, ರಿವರ್ಬ್ ಕಂಪ್ಯೂಟರಿನಲ್ಲಿ ಸೇರಿಸಿ. ಸ್ನೇಹಿತರಿಗೆ ಫೋನಿನಲ್ಲಿ ಒಂದು ತುಣುಕು ಕಳಿಸುವುದಾದರೆ ಆನ್ ಮಾಡಿಯೇ ನುಡಿಸಿ, ಚೆನ್ನಾಗಿ ಬರುತ್ತದೆ.

ಆರೈಕೆ ಬೇರೆ ಮರದ ಗಿಟಾರಿಗೆ ಇದ್ದ ಹಾಗೇ. ಕೋಣೆಯ ತೇವಾಂಶ 45ರಿಂದ 55 ಪ್ರತಿಶತದ ಆಸುಪಾಸು ಇದ್ದರೆ ಒಳ್ಳೆಯದು. ತಂತಿ ಹಳತಾದರೆ ಬೇಗ ಬದಲಾಯಿಸಿ, ಮಂಕಾದ ತಂತಿಗೆ ಯಾವ ರಿವರ್ಬೂ ಜೀವ ಕೊಡುವುದಿಲ್ಲ. ನುಡಿಸಿ ಮುಗಿದ ಮೇಲೆ ಎಫೆಕ್ಟ್ ಆಫ್ ಆಗಿದೆಯಾ, ಲೈನ್ ಔಟ್‌ನಲ್ಲಿ ಕೇಬಲ್ ಸಿಕ್ಕಿಸಿದ್ದರೆ ತೆಗೆದಾಯಿತಾ ಅಂತ ನೋಡಿ. ಕೆಲವು ವಾರ ನುಡಿಸುವುದಿಲ್ಲ ಅಂತಾದರೆ ಎರಡೂ ಸೆಲ್ ಹೊರಗೆ ತೆಗೆದಿಡಿ. ಒಳಗೆ ಸೋರಿದ ಸೆಲ್ ಸರ್ಕ್ಯೂಟನ್ನೇ ತಿಂದುಹಾಕುತ್ತದೆ, ಅದರ ರಿಪೇರಿ ಎಲ್ಲ ಗಿಟಾರ್ ಅಂಗಡಿಯವರ ಕೈಲೂ ಆಗುವುದಿಲ್ಲ.