ಮಣ್ಣಿನ ಬಣ್ಣ ಮೊದಲು, ಫ್ರೇಮಿನ ಬಣ್ಣ ಆಮೇಲೆ

ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಮೌಂಟೇನ್ ಬೈಕ್ ಕಟ್ಟಿಸುವವರು ಬಣ್ಣದ ಮಾತು ಬಂದಾಗ ಮೊಬೈಲ್ ಪರದೆಯ ಮೊರೆ ಹೋಗುತ್ತಾರೆ. ಅಲ್ಲಿನ ಚಿತ್ರಗಳಲ್ಲಿ ಸೈಕಲ್ ಬಿಳಿ ಗೋಡೆಗೆ ಒರಗಿ ನಿಂತಿರುತ್ತದೆ. ಟೈರಿಗೆ ಚೂರು ಮಣ್ಣೂ ತಾಗಿರುವುದಿಲ್ಲ. ನೀವು ತುಳಿಯುವ ಸೈಕಲ್ ಹಾಗೆ ಕಾಣುವುದು ತೊಳೆದ ದಿನ ಮಾತ್ರ. ಉಳಿದ ದಿನಗಳಲ್ಲಿ ಧೂಳೋ ಕೆಸರೋ ಅದರ ಮೇಲೆ ಇದ್ದೇ ಇರುತ್ತದೆ. ಆದ್ದರಿಂದ ಬಣ್ಣದ ಲೆಕ್ಕ ಮಣ್ಣಿನಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ಕಟ್ಟಿಸುವ ಫ್ರೇಮಿಗೂ, ಹಳೆಯ ಫ್ರೇಮಿನ ಬಣ್ಣ ಕೆರೆಸಿ ಮತ್ತೆ ಬಳಿಸುವುದಕ್ಕೂ ಕ್ರಮ ಒಂದೇ.

ಹೆಜ್ಜೆ 1: ನೀವು ಓಡಾಡುವ ಮಣ್ಣನ್ನು ನೋಡಿ

ಬೆಂಗಳೂರಿನ ತುರಹಳ್ಳಿ, ಅವಲಹಳ್ಳಿಯ ಕಾಡುಹಾದಿಗಳಲ್ಲಿ, ನಂದಿ ಬೆಟ್ಟದ ಸುತ್ತಮುತ್ತ ಕೆಮ್ಮಣ್ಣು. ಘಟ್ಟ ಇಳಿದು ಕರಾವಳಿಗೆ ಹೋದರೆ ಜಂಬಿಟ್ಟಿಗೆಯ ಪುಡಿ. ಮಳೆ ಹಿಡಿದರೆ ಅದೇ ಕೆಂಪು ರಾಡಿ. ಧಾರವಾಡ, ಗದಗದ ಕಡೆ ಎರೆಮಣ್ಣು; ಹಸಿಯಿದ್ದಾಗ ಕಪ್ಪಗೆ ಮೆತ್ತಿಕೊಂಡು, ಒಣಗಿದ ಮೇಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನೆರಳಿನಲ್ಲಿ ಎಲೆ ಕೊಳೆತು ಬೆರೆತ ಕಂದು ಮಣ್ಣು.

ಕಪ್ಪು ಬಣ್ಣ ಕೊಳೆಯನ್ನು ಮುಚ್ಚುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಗ್ರೀಸಿನ ಮಟ್ಟಿಗೆ ಅದು ನಿಜ, ಧೂಳಿನ ಮಟ್ಟಿಗೆ ಸುಳ್ಳು. ಒಣ ಧೂಳು ಕಪ್ಪಿಗಿಂತ ತಿಳಿಯಾಗಿರುವುದರಿಂದ ಕಪ್ಪು, ಕಡುನೀಲಿ ಫ್ರೇಮುಗಳ ಮೇಲೆ ಬೆರಳು ತಾಗಿದ ಗುರುತು ಕೂಡ ಎದ್ದು ಕಾಣುತ್ತದೆ. ಅಪ್ಪಟ ಬಿಳಿಯ ಕಷ್ಟ ಬೇರೆ ಬಗೆಯದು. ಕೆಮ್ಮಣ್ಣಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಅದರ ಅತಿ ಸಣ್ಣ ಕಣಗಳು ಗೀರುಗಳ ಒಳಗೆ, ಸ್ಟಿಕ್ಕರಿನ ಅಂಚಿನಲ್ಲಿ ಕುಳಿತು ನಸುಗುಲಾಬಿ ಕಲೆ ಬಿಡುತ್ತವೆ. ಕೆನೆ, ಸಾಸಿವೆ, ಇಟ್ಟಿಗೆ, ಆಲಿವ್ ಹಸಿರು, ಕಂದು ಬೆರೆತ ಬೂದು ಮುಂತಾದ ನಡುವಿನ ಬಣ್ಣಗಳು ಧೂಳನ್ನು ಸಲೀಸಾಗಿ ಹೊತ್ತುಕೊಳ್ಳುತ್ತವೆ. ಕೆಮ್ಮಣ್ಣಿನ ಊರಿನವರಿಗೆ ಇನ್ನೊಂದು ಒಳ್ಳೆಯ ದಾರಿಯಿದೆ: ಹಸಿರು ಬೆರೆತ ನೀಲಿ. ಕೆಂಪು-ಕಿತ್ತಳೆಗೆ ಅದು ಎದುರು ಬಣ್ಣ. ಕೆಂಪು ಧೂಳು ಕೂತಷ್ಟೂ ನೀಲಿ ಇನ್ನಷ್ಟು ತೀಕ್ಷ್ಣವಾಗಿ ಕಾಣುತ್ತದೆ.

ಬಿಸಿಲನ್ನೂ ಇಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಣ್ಣು ಕುಕ್ಕುವ ನಿಯಾನ್ ಹಳದಿ, ನಿಯಾನ್ ಗುಲಾಬಿ ಬಣ್ಣಗಳು ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸೋಲುತ್ತವೆ. ಕಾವಿ, ಇಟ್ಟಿಗೆ, ಕಂದು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಕಬ್ಬಿಣದ ಆಕ್ಸೈಡ್, ಅದು ಬಿಸಿಲಿಗೆ ಬಗ್ಗುವುದಿಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ದಶಕಗಳಾದರೂ ಕೆಂಪಾಗಿಯೇ ಉಳಿದಿರುವುದು ಈ ಗುಣದಿಂದ.

ಹೆಜ್ಜೆ 2: ಬದಲಾಗದ ಬಣ್ಣಗಳನ್ನು ಪಟ್ಟಿ ಮಾಡಿ

ಫ್ರೇಮನ್ನು ಯಾವ ಬಣ್ಣಕ್ಕಾದರೂ ತಿರುಗಿಸಬಹುದು. ಅದರ ಸುತ್ತಲಿನ ವಸ್ತುಗಳನ್ನು ಹಾಗೆ ಮಾಡಲಾಗುವುದಿಲ್ಲ. ಟೈರುಗಳು ಕಪ್ಪು, ಇಲ್ಲವೇ ಪಕ್ಕದಲ್ಲಿ ತಿಳಿಗಂದು ಪಟ್ಟಿ ಇರುವಂಥವು. 29 ಇಂಚಿನ ಎರಡು ಚಕ್ರಗಳು ಕಣ್ಣಿಗೆ ಬೀಳುವ ಬಹುದೊಡ್ಡ ಆಕಾರ, ಅವುಗಳ ಬಣ್ಣವೇ ಚಿತ್ರದ ಹಿನ್ನೆಲೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನದು ತಯಾರಕರು ಕೊಟ್ಟ ಬಣ್ಣ. ಅದರ ಕೆಳಕಾಲುಗಳು ಮೆಗ್ನೀಸಿಯಂ, ಒಳಗೆ ಬುಶ್‌ಗಳನ್ನು ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಪೌಡರ್ ಕೋಟಿಂಗಿನ (ಪುಡಿಬಣ್ಣವನ್ನು ಶಾಖದಲ್ಲಿ ಕರಗಿಸಿ ಕೂರಿಸುವ) ಒಲೆಗೆ ಅದನ್ನು ಹಾಕಿಸಬೇಡಿ. ಫಾಕ್ಸ್ ಕಂಪನಿಯ ದುಬಾರಿ ಫೋರ್ಕುಗಳ ಮೇಲ್ಕಾಲಿನಲ್ಲಿ ಕಾಶಿಮಾ ಲೇಪನದ ಹೊಂಗಂದು ಬಣ್ಣವಿರುತ್ತದೆ. ಅದಿದ್ದರೆ ಕೆನೆ, ಕಡುಹಸಿರು, ಕಂದುಗೆಂಪು ಫ್ರೇಮು ಚೆನ್ನಾಗಿ ಹೊಂದುತ್ತದೆ. ನೇರಳೆ, ತಣ್ಣನೆಯ ಗುಲಾಬಿ ಜಗಳಕ್ಕೆ ನಿಲ್ಲುತ್ತವೆ.

ಹಬ್, ಹೆಡ್‌ಸೆಟ್ (ಹ್ಯಾಂಡಲು ತಿರುಗಲು ಇರುವ ಬೇರಿಂಗುಗಳು), ಸೀಟು ಬಿಗಿಯುವ ಕ್ಲ್ಯಾಂಪು ಮುಂತಾದ ಸಣ್ಣ ಅಲ್ಯೂಮಿನಿಯಂ ಭಾಗಗಳು ಆನೊಡೈಸ್ ಬಣ್ಣಗಳಲ್ಲಿ ಸಿಗುತ್ತವೆ. ಇಂಗ್ಲೆಂಡಿನ ಹೋಪ್, ಅಮೆರಿಕದ ಪೋರ್ಟ್‌ಲೆಂಡ್‌ನ ಕ್ರಿಸ್ ಕಿಂಗ್ ಈ ಕೆಲಸಕ್ಕೆ ಹೆಸರಾದ ಕಂಪನಿಗಳು. ಆದರೆ ಒಬ್ಬರ ಕೆಂಪು ಇನ್ನೊಬ್ಬರ ಕೆಂಪಿನ ಹಾಗಿರುವುದಿಲ್ಲ. ಲೋಹದ ಮೇಲಿನ ಆಕ್ಸೈಡ್ ಪದರ ಬಣ್ಣವನ್ನು ಹೀರಿಕೊಳ್ಳುವ ಪ್ರಕ್ರಿಯೆ ಅದು. ಫ್ರೇಮಿನ ಪೇಂಟು ಅದಕ್ಕೆ ಸರಿಯಾಗಿ ಹೊಂದುವುದೂ ಇಲ್ಲ. ಹತ್ತಿರದ ಬಣ್ಣ ಹುಡುಕಿ ಒದ್ದಾಡುವುದಕ್ಕಿಂತ ಸ್ಪಷ್ಟವಾಗಿ ಬೇರೆಯದನ್ನೇ ಆರಿಸಿ, ಮೂರು ಕಡೆಗಿಂತ ಹೆಚ್ಚು ಬಳಸಬೇಡಿ.

ಹೆಜ್ಜೆ 3: ಮೊದಲು ತಿಳಿಯೋ ಗಾಢವೋ ತೀರ್ಮಾನಿಸಿ

ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ. ಕೆಂಪಿನ ಪಕ್ಕ ಹಸಿರು ಹಾಕಿದರೆ ಚೆನ್ನಾಗಿ ಬೇರ್ಪಟ್ಟು ಕಾಣುತ್ತದೆ ಎಂದುಕೊಳ್ಳುತ್ತೇವೆ. ಎರಡೂ ಒಂದೇ ಮಟ್ಟದ ಗಾಢವಾಗಿದ್ದರೆ ಇಪ್ಪತ್ತು ಅಡಿ ದೂರದಿಂದ ಅವು ಒಂದೇ ಕಪ್ಪು ಮುದ್ದೆಯಾಗುತ್ತವೆ. ಸೈಕಲ್ಲಿನ ಕೊಳವೆಗಳು ಸಪೂರ. ಕಾರಿನ ಬಾಗಿಲಿನಷ್ಟು ಹರವು ಅಲ್ಲಿಲ್ಲದ ಕಾರಣ ಬಣ್ಣದ ಸೂಕ್ಷ್ಮ ವ್ಯತ್ಯಾಸಗಳು ಕಾಡಿನ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಕೊನೆಗೆ ಕಣ್ಣಿಗೆ ಸಿಗುವುದು ತಿಳಿ ಮತ್ತು ಗಾಢದ ಅಂತರ.

ಪರೀಕ್ಷೆ ಸುಲಭ. ಸೈಕಲ್ಲನ್ನು ಚೈನಿನ ಕಡೆಯಿಂದ, ನೇರ ಪಕ್ಕದಿಂದ ಫೋಟೊ ತೆಗೆದು ಮುದ್ರಿಸಿಕೊಳ್ಳಿ. ಅದರ ಮೇಲೆ ತೆಳು ಹಾಳೆ ಇಟ್ಟು ಫ್ರೇಮಿನ ಹೊರಗೆರೆಯನ್ನು ನಕಲು ಮಾಡಿ ಬಣ್ಣದ ಪೆನ್ಸಿಲಿನಿಂದ ತುಂಬಿ. ತುಂಬಿದ ಹಾಳೆಯನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ಮಾಡಿ ನೋಡಿ. ಎರಡು ಬಣ್ಣಗಳು ಒಂದೇ ಬೂದುಬಣ್ಣವಾಗಿ ಬಂದರೆ ಒಂದನ್ನು ತಿಳಿ ಮಾಡಬೇಕು, ಇಲ್ಲವೇ ಇನ್ನೊಂದನ್ನು ಗಾಢ ಮಾಡಬೇಕು.

ಸಂಜೆ ಹೊತ್ತು ಇಳಿದ ಮೇಲೆ ಕಾಡಿನಿಂದ ಹೊರಬರುವ ಅಭ್ಯಾಸ ಇರುವವರು ಇನ್ನೊಂದನ್ನು ಗಮನಿಸಬೇಕು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ-ಹಸಿರು ಹೆಚ್ಚು ಹೊತ್ತು ಬೆಳಗಿದಂತೆ ಕಾಣುತ್ತದೆ. ಜೆಕ್ ವಿಜ್ಞಾನಿ ಪುರ್ಕಿಂಜೆ 1819ರಲ್ಲಿ ಗುರುತಿಸಿದ ವಿದ್ಯಮಾನವಿದು. ಹಗಲಿನ ಹಸಿರು ಕಾಡಿನಲ್ಲಿ ದೂರದಿಂದ ಕಾಣಬೇಕೆಂದರೆ ಕಿತ್ತಳೆ ಒಳ್ಳೆಯದು. ಮುಸ್ಸಂಜೆಗೆ ಕೆನೆ ಅಥವಾ ತಿಳಿನೀಲಿಯೇ ಮೇಲು.

ತಿಳಿಬಣ್ಣದ ಪರವಾಗಿ ನಾನು ವಾದಿಸುವುದಕ್ಕೆ ಸುರಕ್ಷತೆಯ ಕಾರಣವೂ ಇದೆ. ಬಂಡೆಗಳ ಮೇಲಿಂದ ಇಳಿಸುವ ಫ್ರೇಮಿನಲ್ಲಿ ಬಿರುಕು ಸಾಮಾನ್ಯವಾಗಿ ಬೆಸುಗೆಯ ಬದಿಯಲ್ಲಿ ಶುರುವಾಗುತ್ತದೆ. ತಿಳಿ ಬಣ್ಣದ ಮೇಲೆ ಅದು ಕೂದಲೆಳೆಯ ಕಪ್ಪು ಗೆರೆಯಾಗಿ, ಉಕ್ಕಾದರೆ ತುಕ್ಕಿನ ಗೆರೆಯಾಗಿ ಬೇಗ ಕಾಣುತ್ತದೆ. ಕಪ್ಪು ಮ್ಯಾಟ್ ಬಣ್ಣದಲ್ಲಿ ಅದನ್ನು ಹುಡುಕಲು ಟಾರ್ಚು ಬೇಕು. ಹ್ಯಾಂಡಲಿನ ಕೆಳಗಿನ ಹೆಡ್‌ಟ್ಯೂಬಿನ ಭಾಗವನ್ನಾದರೂ ತಿಳಿಯಾಗಿ ಇಟ್ಟುಕೊಳ್ಳಿ.

ಹೆಜ್ಜೆ 4: ಬಣ್ಣಗಳನ್ನು ಹಂಚಿ

ಇಳಕಲ್ ಸೀರೆಯನ್ನು ಒಮ್ಮೆ ನೆನೆಸಿಕೊಳ್ಳಿ. ದೊಡ್ಡ ಒಡಲು ಒಂದೇ ಗಾಢ ಬಣ್ಣ, ಸೆರಗಿಗೆ ಬೇರೆ ಬಣ್ಣ, ಅಂಚು ಸಣ್ಣದಾದರೂ ಚುರುಕು. ಮೂರಕ್ಕೂ ಸಮಪಾಲು ಕೊಟ್ಟಿದ್ದರೆ ಕಣ್ಣಿಗೆ ನಿಲ್ಲಲು ಜಾಗವೇ ಸಿಗುತ್ತಿರಲಿಲ್ಲ. ಫ್ರೇಮಿನಲ್ಲೂ ಒಂದು ಬಣ್ಣ ಸ್ಪಷ್ಟವಾಗಿ ಹೆಚ್ಚಿರಲಿ, ಎರಡನೆಯದು ಅದರ ಅರ್ಧಕ್ಕಿಂತ ಕಡಿಮೆ ಇರಲಿ, ಮೂರನೆಯದು ಅಕ್ಷರ, ಗೆರೆ, ಹಬ್‌ಗಳಲ್ಲಿ ಮಾತ್ರ ಬರಲಿ.

ಎರಡು ಬಣ್ಣ ಎಲ್ಲಿ ಸೇರಬೇಕು ಎಂಬುದನ್ನು ಫ್ರೇಮೇ ಹೇಳಿಕೊಡುತ್ತದೆ. ಹಿಂದೆ ಶಾಕ್ ಇರುವ ಸೈಕಲ್ಲಿನಲ್ಲಿ ಮುಂದಿನ ತ್ರಿಕೋನ ಮತ್ತು ಹಿಂದಿನ ತೋಳು ಬಿಡಿಸಿ ಜೋಡಿಸುವ ಬೇರೆ ಬೇರೆ ತುಂಡುಗಳು; ಅವುಗಳ ನಡುವಿನ ಕೀಲೇ ಗಡಿ. ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲ್‌ನಲ್ಲಿ ಬೆಸುಗೆಯ ಬಳಿ ನಿಲ್ಲಿಸಬಹುದು. ಕೊಳವೆಯ ನಡುವೆಯೇ ಬಣ್ಣ ಬದಲಾಗಬೇಕೆಂದಿದ್ದರೆ ಆ ಓರೆಗೆರೆ ಫೋರ್ಕಿನ ವಾಲಿಗೆ ಸಮಾನಾಂತರವಾಗಿರಲಿ. ಯಾವುದಕ್ಕೂ ಹೊಂದದ ಕೋನದಲ್ಲಿ ಕತ್ತರಿಸಿದ ಗೆರೆ ಎಷ್ಟು ನುಣುಪಾಗಿ ಬಂದರೂ ತಪ್ಪಾದಂತೆಯೇ ಕಾಣುತ್ತದೆ.

ಗಾಢ ಬಣ್ಣವನ್ನು ಕೆಳಗೆ ಮತ್ತು ಹಿಂದೆ ಇಡಿ. ಚೈನು ಬಡಿಯುವ ಹಿಂದಿನ ತೋಳು, ಹಿಮ್ಮಡಿ ಉಜ್ಜುವ ಜಾಗ, ಮುಂದಿನ ಚಕ್ರ ಕಲ್ಲು ಎಸೆಯುವ ಕೆಳಕೊಳವೆ ಅಲ್ಲಿವೆ. ಬಣ್ಣ ಮೊದಲು ಏಳುವುದೂ ಅಲ್ಲೇ. ಕೆಳಕೊಳವೆಯ ಅಡಿಗೆ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸುವುದು ಕಡ್ಡಾಯ ಎಂದೇ ತಿಳಿಯಿರಿ.

ಹೊಳಪೋ ಮ್ಯಾಟೋ ಎಂಬುದಕ್ಕೆ ಕೆಮ್ಮಣ್ಣಿನ ಊರಿನಲ್ಲಿ ಒಂದೇ ಉತ್ತರ: ಹೊಳಪು. ಮ್ಯಾಟ್ ಮೇಲ್ಮೈಯ ಸಣ್ಣ ಒರಟಿನಲ್ಲಿ ಮಣ್ಣು ಕೂರುತ್ತದೆ, ಪಾಲಿಶ್ ಹಾಕಿ ತಿಕ್ಕಿದರೆ ಅಲ್ಲಲ್ಲಿ ಹೊಳಪು ಬಂದು ಮಚ್ಚೆಯಾಗುತ್ತದೆ.

ಹೆಜ್ಜೆ 5: ಲೋಹಕ್ಕೆ ತಕ್ಕ ವಿಧಾನ, ವಿಧಾನಕ್ಕೆ ತಕ್ಕ ಬಣ್ಣ

ಉಕ್ಕಿನ ಫ್ರೇಮಿಗೆ ಪೌಡರ್ ಕೋಟಿಂಗ್ ಗಟ್ಟಿ ಆಯ್ಕೆ. ವಿದ್ಯುದಾವೇಶ ಕೊಟ್ಟ ಪುಡಿಯನ್ನು ಲೋಹಕ್ಕೆ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಕರಗಿಸಿ ಕೂರಿಸುತ್ತಾರೆ. ಅಲ್ಯೂಮಿನಿಯಂ ಫ್ರೇಮುಗಳಿಗೆ ಬಲ ಬಂದಿರುವುದೇ ಶಾಖ ಸಂಸ್ಕಾರದಿಂದ. ಹಾಗಾಗಿ ಎಷ್ಟು ಶಾಖ, ಎಷ್ಟು ಹೊತ್ತು ತಾಳುತ್ತದೆ ಎಂದು ತಯಾರಕರನ್ನು ಕೇಳಿಯೇ ಮುಂದುವರಿಯಿರಿ. ಕಾರ್ಬನ್ ಫ್ರೇಮನ್ನು ಈ ಒಲೆಯ ಹತ್ತಿರವೂ ಒಯ್ಯಬಾರದು, ನಾರುಗಳನ್ನು ಹಿಡಿದಿರುವ ಎಪಾಕ್ಸಿ ಅಂಟು ಮೆತ್ತಗಾಗುತ್ತದೆ. ಅದಕ್ಕೆ ಕಾರಿಗೆ ಹೊಡೆಯುವಂಥ ದ್ರವ ಪೇಂಟು, ಮೇಲೆ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್. ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಕರಗುವ ಛಾಯೆ, ತೆಳುಗೆರೆ, ಕೈಬರಹದಂಥ ಅಕ್ಷರ ಬೇಕಾದವರೂ ದ್ರವ ಪೇಂಟಿಗೇ ಹೋಗಬೇಕು. ಯಾವ ವಿಧಾನವಾದರೂ ಮರುಬಣ್ಣದಿಂದ ಫ್ರೇಮಿನ ವಾರಂಟಿ ರದ್ದಾಗಬಹುದು ಎಂಬುದು ಗೊತ್ತಿರಲಿ.

ಪೌಡರ್ ಘಟಕಗಳಿಗೆ, ಉದಾಹರಣೆಗೆ ಬೆಂಗಳೂರಿನ ಪೀಣ್ಯದವಕ್ಕೆ, ಹೋದಾಗ “ಸ್ವಲ್ಪ ಕಡು ಕೆಂಪು” ಎಂದರೆ ಕೆಲಸ ನಡೆಯದು. ಅಲ್ಲಿ ಮಾತಾಡುವುದು ರಾಲ್ (RAL) ಎಂಬ ಬಣ್ಣಪಟ್ಟಿಯ ಸಂಖ್ಯೆಯಲ್ಲಿ. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದ ಈ ಪಟ್ಟಿಯಲ್ಲಿ ಈಗ 200ಕ್ಕೂ ಹೆಚ್ಚು ಬಣ್ಣಗಳಿವೆ, ಪ್ರತಿಯೊಂದಕ್ಕೂ ನಾಲ್ಕು ಅಂಕಿ. 9005 ಅಪ್ಪಟ ಕಪ್ಪು, 1015 ತಿಳಿಯಾದ ದಂತದ ಬಣ್ಣ, 8012 ಕಂದುಗೆಂಪು, 5018 ಹಸಿರುನೀಲಿ, 2004 ಕಿತ್ತಳೆ. ಪುಡಿ ಸಾಮಾನ್ಯವಾಗಿ 20–25 ಕಿಲೋದ ಪೆಟ್ಟಿಗೆಯಲ್ಲಿ ಬರುತ್ತದೆ, ನಿಮ್ಮ ಫ್ರೇಮಿಗೆ ಬೇಕಾಗುವುದು ಅದರ ಚಿಕ್ಕ ಭಾಗ. ಆದ್ದರಿಂದ ಅವರ ಬಳಿ ಈಗಾಗಲೇ ತೆರೆದಿರುವ ಬಣ್ಣಗಳ ಪಟ್ಟಿ ಕೇಳಿ, ಅದರೊಳಗಿಂದ ಆರಿಸಿ. ಪುಡಿ ಪ್ಯೂರ್ ಪಾಲಿಯೆಸ್ಟರ್ ತಾನೇ ಎಂದು ಎರಡು ಸಲ ಕೇಳಿ. ಒಳಾಂಗಣದ ಪೀಠೋಪಕರಣಗಳಿಗೆ ಬಳಿಯುವ ಎಪಾಕ್ಸಿ ಬೆರಕೆಯ ಪುಡಿ ಬಿಸಿಲಿಗೆ ಸುಣ್ಣದಂತೆ ಉದುರತೊಡಗುತ್ತದೆ.

ಬಣ್ಣದ ಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಬೇಡಿ. ಅಂಗೈಯುದ್ದದ ಹಳೆಯ ಕೊಳವೆಯ ತುಂಡಿಗೆ ಆ ಬಣ್ಣ ಹಾಕಿಸಿಕೊಂಡು, ಮಧ್ಯಾಹ್ನದ ಬಿಸಿಲಲ್ಲೂ ಮರದ ನೆರಳಲ್ಲೂ ಹಿಡಿದು ನೋಡಿ. ಅದರ ಅರ್ಧಕ್ಕೆ ನೀವು ಓಡಾಡುವ ಹಾದಿಯ ಮಣ್ಣನ್ನು ಕಲಸಿ ಬಳಿದು, ಒಣಗಿಸಿ, ಒರೆಸಿ. ಉಳಿಯುವ ಕಲೆ ನಿಮಗೆ ಒಪ್ಪಿಗೆಯಾದರೆ ಆ ಬಣ್ಣ ನಿಮ್ಮದು.

ನಾನೇ ಈಗ ಆರಿಸುವುದಾದರೆ, ಕಪ್ಪು ಫೋರ್ಕು, ಕಪ್ಪು ಚಕ್ರಗಳ ಉಕ್ಕಿನ ಹಾರ್ಡ್‌ಟೇಲ್ ಕೆಮ್ಮಣ್ಣಿನಲ್ಲಿ ಓಡಬೇಕಿದ್ದರೆ, ಮುಂದಿನ ತ್ರಿಕೋನಕ್ಕೆ ಹೊಳಪಿನ 1015, ಹಿಂದಿನ ತೋಳುಗಳಿಗೆ 8012, ಅಕ್ಷರಗಳಿಗೆ 5018 ಹೇಳುತ್ತೇನೆ. ಹಿಂದೆ ಮೆತ್ತುವ ಮಣ್ಣಿಗೂ ತೋಳಿನ ಬಣ್ಣಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ, ಬೆಸುಗೆಗಳು ಇರುವ ಮುಂಭಾಗ ತಿಳಿಯಾಗಿ ಉಳಿಯುತ್ತದೆ.

ಹೆಜ್ಜೆ 6: ಫ್ರೇಮು ಒಪ್ಪಿಸುವ ಮುನ್ನ

ಬೇರಿಂಗು, ಶಾಕ್, ಕೇಬಲ್ ಎಲ್ಲ ಬಿಚ್ಚಿರಲಿ. ಪೆಡಲು ಅಚ್ಚು ಕೂರುವ ಮರೆಗಳು (ತಿರುಪಿನ ಥ್ರೆಡ್), ಹೆಡ್‌ಟ್ಯೂಬಿನ ಒಳಸುತ್ತು, ಸೀಟು ಕೊಳವೆಯ ಒಳಮೈ, ಡಿಸ್ಕ್ ಬ್ರೇಕು ಕೂರುವ ಚಪ್ಪಟೆ ಮುಖ, ಹಿಂದಿನ ಅಚ್ಚಿನ ಮರೆ ಇವುಗಳಿಗೆ ಶಾಖ ತಾಳುವ ಟೇಪು, ರಬ್ಬರ್ ಬಿರಡೆ ಹಾಕಬೇಕೆಂದು ಬರೆದುಕೊಡಿ. ಪೌಡರ್ ಪದರ ಸುಮಾರು 60ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ಬ್ರೇಕಿನ ಮುಖದ ಮೇಲೆ ಅದು ಉಳಿದರೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ನೇರ ಕೂರುವುದಿಲ್ಲ. ಹಳೆಯ ಬಣ್ಣ ತೆಗೆಯಲು ಒರಟು ಮರಳು ಬೇಡ. ಒಳ್ಳೆಯ ಉಕ್ಕಿನ ಕೊಳವೆ ನಡುಭಾಗದಲ್ಲಿ ಅರ್ಧ ಮಿಲಿಮೀಟರಿನಷ್ಟು ತೆಳುವಾಗಿರಬಹುದು. ಸಣ್ಣ ಗಾಜಿನ ಮಣಿ ಅಥವಾ ರಾಸಾಯನಿಕ ಸ್ಟ್ರಿಪ್ಪರ್ ಬಳಸಲು ಹೇಳಿ.

ಕೆಳಗೆ ಕೊರೆದಿರುವ ಸೀರಿಯಲ್ ಸಂಖ್ಯೆ ದಪ್ಪ ಪದರದಡಿ ಮುಚ್ಚಿಹೋಗಬಹುದು. ಮೊದಲೇ ಅದರ ಫೋಟೊ ತೆಗೆದು ಖರೀದಿ ರಸೀದಿಯ ಜೊತೆ ಇಟ್ಟುಕೊಳ್ಳಿ. ಅದೇ ಕಾಗದದಲ್ಲಿ ರಾಲ್ ಸಂಖ್ಯೆ, ಪುಡಿಯ ಕಂಪನಿ, ಹೊಳಪಿನ ಬಗೆ ಬರೆದಿಡಿ. ಮೊದಲ ಕಲ್ಲೇಟು ಬಿದ್ದ ದಿನ ಅದನ್ನು ಪೇಂಟಿನ ಅಂಗಡಿಗೆ ಒಯ್ದರೆ ಅದೇ ಬಣ್ಣದ ದ್ರವ ಪೇಂಟನ್ನು ಸಣ್ಣ ಡಬ್ಬಿಯಲ್ಲಿ ಬೆರೆಸಿ ಕೊಡುತ್ತಾರೆ. ತುಕ್ಕು ಹಿಡಿಯುವ ಮೊದಲೇ ಸಣ್ಣ ಕುಂಚದಿಂದ ಮುಚ್ಚಬಹುದು.