ನೀಲಗಿರಿಯ ಬಿಳಿ ಲಿಲ್ಲಿಗಾಗಿ ಮೂರು ಮಳೆಗಾಲ

ಮೊದಲ ಮಳೆಗಾಲ ಪೂರ್ತಿ ನಾನು ಬೇರೆ ಹೂವಿನ ಹಿಂದೆ ಓಡಾಡಿದೆ. ಊಟಿಯ ಸುತ್ತಮುತ್ತ ಜವುಗು ನೆಲದಲ್ಲಿ, ತೊರೆಯ ಬದಿಯಲ್ಲಿ ಬಿಳಿ ಹೂ ಗುಂಪುಗುಂಪಾಗಿ ಅರಳಿರುತ್ತದೆ. ಅದನ್ನು ಲಿಲ್ಲಿ ಅಂತಲೇ ಕರೆಯುತ್ತಾರೆ. ಆದರೆ ಅದು ದಕ್ಷಿಣ ಆಫ್ರಿಕಾದಿಂದ ಬಂದ ಆರಮ್ ಲಿಲ್ಲಿ, ಕೆಸುವಿನ ಕುಟುಂಬದ್ದು. ಬಿಳಿಯಾಗಿ ಕಾಣುವುದು ಎಸಳಲ್ಲ, ಸುರುಳಿ ಸುತ್ತಿದ ಒಂದು ಎಲೆ. ನಿಜವಾದ ಹೂಗಳು ನಡುವಿನ ಹಳದಿ ಕಡ್ಡಿಗೆ ಪುಟ್ಟಪುಟ್ಟದಾಗಿ ಅಂಟಿಕೊಂಡಿರುತ್ತವೆ.

ನಮ್ಮ ಗೌರಿ ಹೂವಿನದೂ ಇದೇ ಕಥೆ. ಬೆಂಕಿಯ ಬಣ್ಣದ ಆ ಬಳ್ಳಿಯನ್ನು ಇಂಗ್ಲಿಷಿನಲ್ಲಿ ಲಿಲ್ಲಿ ಅಂತಾರೆ, ಆದರೆ ಅದರ ಕುಟುಂಬವೇ ಬೇರೆ. ಹೀಗಾಗಿ ಎರಡನೇ ವರ್ಷ ಹೊರಡುವ ಮೊದಲು ಒಂದು ಪಟ್ಟಿ ಬರೆದುಕೊಂಡೆ: ಆರು ಎಸಳು, ಆರು ಕೇಸರ, ಅಂಡಾಶಯ ಎಸಳುಗಳ ಬುಡಕ್ಕಿಂತ ಮೇಲೆ, ಹೂವಿನ ಒಳಗೆ. ಈ ಕೊನೆಯದನ್ನು ನೋಡಲೇಬೇಕು. ತೋಟದಲ್ಲಿ ಲಿಲ್ಲಿ ಅಂತ ಬೆಳೆಸುವ ಎಷ್ಟೋ ಗಿಡಗಳಲ್ಲಿ ಅಂಡಾಶಯ ಹೂವಿನ ಕೆಳಗೆ ಇರುತ್ತದೆ. ಅವು ಲಿಲ್ಲಿಯಲ್ಲ.

ನಾನು ಹುಡುಕುತ್ತಿದ್ದದ್ದು ಲಿಲಿಯಮ್ ನೀಲ್‌ಘೆರೆನ್ಸ್. ಹೆಸರಿನಲ್ಲೇ ನೀಲಗಿರಿ ಇದೆ. ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ವೈಟ್ ಇಟ್ಟ ಹೆಸರು ಅದು. ಈಗ ಬಹಳ ಜನ ತಜ್ಞರು ಇದನ್ನು ಹಿಮಾಲಯದ ಲಿಲಿಯಮ್ ವಾಲಿಚಿಯಾನಮ್‌ನ ಒಂದು ಬಗೆ ಅಂತ ಲೆಕ್ಕ ಹಾಕುತ್ತಾರೆ. ವೈಟ್ ಅವರ ಗ್ರಂಥಗಳಲ್ಲಿ ರಂಗಯ್ಯ, ಗೋವಿಂದು ಎಂಬ ಇಲ್ಲಿನ ಕಲಾವಿದರು ಬಿಡಿಸಿದ ಗಿಡಗಳ ಚಿತ್ರಗಳಿವೆ. ಅವುಗಳನ್ನು ನೋಡಿದ ಮೇಲೆಯೇ ನಾನು ಕ್ಯಾಮೆರಾ ಜೊತೆಗೆ ಪೆನ್ಸಿಲ್ ಮತ್ತು ಅಳತೆಪಟ್ಟಿ ಹಿಡಿದುಕೊಂಡು ಹೋಗಲು ಶುರು ಮಾಡಿದ್ದು. ಬಿಡಿಸಲು ಕೂತರೆ ಕಣ್ಣು ನಿಧಾನವಾಗುತ್ತದೆ.

ಎರಡನೇ ಮಳೆಗಾಲದಲ್ಲಿ ಶೋಲಾ, ಅಂದರೆ ಬೆಟ್ಟದ ಕಣಿವೆಗಳಲ್ಲಿರುವ ಗಿಡ್ಡ ನಿತ್ಯಹಸಿರು ಕಾಡಿನ ಒಳಗೆ ಹುಡುಕಿದೆ. ತಂಪು, ತೇವ, ಪಾಚಿ ಎಲ್ಲ ಇದೆ, ಇಲ್ಲೇ ಇರಬೇಕು ಅಂತ ನನ್ನ ಲೆಕ್ಕ. ಒಂದೂ ಸಿಗಲಿಲ್ಲ. ಕೊನೆಗೆ ಅರ್ಥವಾಯಿತು: ಇದಕ್ಕೆ ತಲೆ ಬಿಸಿಲಲ್ಲಿರಬೇಕು, ಬುಡ ನೆರಳಲ್ಲಿರಬೇಕು. ಶೋಲಾ ಮುಗಿದು ಹುಲ್ಲುಗಾವಲು ಶುರುವಾಗುವ ಅಂಚು, ತೊರೆಯ ಪಕ್ಕದ ಕಡಿದಾದ ದರೆ, ಜರಿಗಿಡ ಮತ್ತು ಪೊದೆಗಳ ನಡುವಿನ ಇಳಿಜಾರು, ಇವು ಅದರ ಜಾಗಗಳು. ನೀರು ಸುರಿಯಬೇಕು, ಆದರೆ ನಿಲ್ಲಬಾರದು. ನಿಂತರೆ ಗೆಡ್ಡೆ ಕೊಳೆಯುತ್ತದೆ.

ಮೂರನೇ ವರ್ಷ, ಸೆಪ್ಟೆಂಬರ್. ಎರಡು ಸಾವಿರ ಮೀಟರಿಗಿಂತ ಮೇಲಿನ ಒಂದು ಇಳಿಜಾರು. ಮಂಜು ಸ್ವಲ್ಪ ಸರಿದಾಗ ಜರಿಗಿಡಗಳ ಮೇಲೆ ಬೆಳ್ಳಗೆ ಏನೋ ಕಂಡಿತು. ಸಂಜೆಯಾಗುತ್ತಿತ್ತು, ಹತ್ತಿರ ಹೋಗುವ ಮೊದಲೇ ಪರಿಮಳ ಬಂತು. ನನ್ನ ಎದೆಯೆತ್ತರದ ಕಾಂಡ. ತುದಿಯಲ್ಲಿ ಎರಡು ಹೂ, ಅಡ್ಡಕ್ಕೆ ಬಾಗಿದ ಕಹಳೆಯ ಹಾಗೆ. ಅಳೆದೆ: ಒಂದು ಹೂ 21 ಸೆಂಟಿಮೀಟರ್. ಅಂದರೆ ನನ್ನ ಅಂಗೈಗಿಂತ ಉದ್ದ! ಹೊರಗೆ ಬುಡದ ಕಡೆ ತೆಳು ಹಸಿರು ಛಾಯೆ, ಒಳಗೆ ಅಚ್ಚ ಬಿಳಿ. ಲೆನ್ಸ್ ಹಿಡಿದು ಬಗ್ಗಿದಾಗ ಹಳದಿ ಪರಾಗ ಮೂಗಿಗೆ ಅಂಟಿತು. ಇಷ್ಟು ಆಳದ ಬಿಳಿ ಕೊಳವೆ, ಸಂಜೆಯ ಪರಿಮಳ, ಇವೆಲ್ಲ ಉದ್ದ ಸೊಂಡಿಲಿನ ಹಾಕ್ ಪತಂಗಗಳಿಗೆ ಹೊಂದುವ ಲಕ್ಷಣಗಳು.

ಈ ಗಿಡದ ನಿಜವಾದ ಸೋಜಿಗ ನೆಲದ ಕೆಳಗಿದೆ. ಪಕ್ಕದಲ್ಲೇ ಮಳೆಗೆ ದರೆ ಸ್ವಲ್ಪ ಕುಸಿದಿತ್ತು, ಅಲ್ಲಿ ಇನ್ನೊಂದು ಗಿಡದ ಬುಡ ಕಾಣುತ್ತಿತ್ತು. ಕಾಂಡ ನೇರವಾಗಿ ಕೆಳಗೆ ಇಳಿದಿರಲಿಲ್ಲ. ಮಣ್ಣಿನೊಳಗೆ ಅಡ್ಡಡ್ಡ ಹರಿದು, ಸುಮಾರು ಒಂದು ಗೇಣು ದೂರದಲ್ಲಿ ಗೆಡ್ಡೆಗೆ ಸೇರಿತ್ತು. ಗೆಡ್ಡೆಗೆ ಈರುಳ್ಳಿಯ ಹಾಗೆ ಹೊರಸಿಪ್ಪೆ ಇಲ್ಲ. ದಪ್ಪ ದಪ್ಪ ಪದರಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರುತ್ತವೆ. ಅದನ್ನು ಮುಟ್ಟದೆ ಚಿತ್ರ ಬಿಡಿಸಿಕೊಂಡು, ಬಿದ್ದಿದ್ದ ಮಣ್ಣನ್ನು ಮತ್ತೆ ಮುಚ್ಚಿದೆ. ಹೂವಿನ ನೇರ ಕೆಳಗೆ ಅಗೆದರೆ ಗೆಡ್ಡೆ ಸಿಗದೇ ಹೋಗಬಹುದು, ಗಿಡವಂತೂ ಹಾಳಾಗುತ್ತದೆ. ದಯವಿಟ್ಟು ಯಾರೂ ಅಗೆಯಬೇಡಿ. ಸಂರಕ್ಷಿತ ಕಾಡಿನಲ್ಲಿ ಅದು ಅಪರಾಧ ಕೂಡ. ಒಳಗೆ ಕಾಲಿಡಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಆ ಗೆಡ್ಡೆ ಇರುವುದರಿಂದಲೇ ಇದು ಅಲ್ಲಿ ಬದುಕಿದೆ. ಡಿಸೆಂಬರ್, ಜನವರಿಯಲ್ಲಿ ಹುಲ್ಲುಗಾವಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಎಳೆ ಮರಗಳು ಸುಟ್ಟಂತಾಗಿ ಸಾಯುತ್ತವೆ. ಲಿಲ್ಲಿ ಅಷ್ಟರೊಳಗೆ ಬೀಜ ಮಾಡಿ, ಮೇಲಿನದನ್ನೆಲ್ಲ ಒಣಗಲು ಬಿಟ್ಟು, ಮಣ್ಣೊಳಗೆ ಸುಮ್ನೆ ಮಲಗಿರುತ್ತದೆ. ಮುಂಗಾರು ಬರುವ ಹೊತ್ತಿಗೆ ಮತ್ತೆ ಮೇಲೆ.

ಲಿಲ್ಲಿಗಳೆಲ್ಲ ಉತ್ತರ ಗೋಳಾರ್ಧದ ಗಿಡಗಳು. ಅವುಗಳಲ್ಲಿ ತೀರಾ ದಕ್ಷಿಣಕ್ಕೆ, ಸುಮಾರು 10 ಡಿಗ್ರಿ ಅಕ್ಷಾಂಶದವರೆಗೆ ಬಂದದ್ದು ಇದೊಂದೇ. ನೀಲಗಿರಿ, ಆನೈಮಲೆ, ಪಳನಿ ಬೆಟ್ಟಗಳ ನೆತ್ತಿಯಲ್ಲಿದೆ. ಹತ್ತಿರದ ನೆಂಟ ಹಿಮಾಲಯದಲ್ಲಿ, ನಡುವೆ ಪೂರಾ ಬಿಸಿ ಬಯಲು! ನೀಲಗಿರಿಯ ಕೆಂಪು ರೋಡೊಡೆಂಡ್ರಾನ್‌ಗೂ ಹಿಮಾಲಯದಲ್ಲೇ ಸಂಬಂಧಿಕರಿದ್ದಾರೆ. ಭೂಮಿ ಈಗಿನದಕ್ಕಿಂತ ಜಾಸ್ತಿ ತಂಪಾಗಿದ್ದ ಕಾಲದಲ್ಲಿ ಇಂಥ ಗಿಡಗಳು ದಕ್ಷಿಣಕ್ಕೆ ಹರಡಿ, ಆಮೇಲೆ ಬಿಸಿ ಏರಿದಾಗ ಬೆಟ್ಟದ ತುದಿಗಳಲ್ಲಿ ಉಳಿದುಕೊಂಡವು ಅನ್ನುವುದು ಒಂದು ವಿವರಣೆ. ಅದು ನಿಜವಾದರೆ ಮುಂದೇನು? ನೀಲಗಿರಿಯ ಅತಿ ಎತ್ತರದ ಶಿಖರ ದೊಡ್ಡಬೆಟ್ಟವೇ 2,637 ಮೀಟರ್. ಇನ್ನೂ ಬಿಸಿ ಏರಿದರೆ ಇದು ಎಲ್ಲಿಗೆ ಹತ್ತಬೇಕು?

ಇನ್ನೊಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ನೀಲಗಿರಿ ಅಂದ ಕೂಡಲೇ ನೆನಪಾಗುವುದು ನೀಲಗಿರಿ ಮರ, ಅಲ್ವಾ? ಅದು ಆಸ್ಟ್ರೇಲಿಯಾದ್ದು. ಆ ಮರ, ಅದರ ಜೊತೆ ಬಂದ ವ್ಯಾಟಲ್ ಎಂಬ ಅಕೇಶಿಯಾ ಮರ, ಪೈನ್, ಇವುಗಳ ನೆಡುತೋಪುಗಳು ಹುಲ್ಲುಗಾವಲನ್ನು ಎಷ್ಟೋ ಕಡೆ ನುಂಗಿಬಿಟ್ಟಿವೆ. ವ್ಯಾಟಲ್ ತೋಪಿನ ಕೆಳಗೆ ನಾನು ಎಷ್ಟು ನಡೆದರೂ ಒಂದು ಲಿಲ್ಲಿಯೂ ಕಾಣಲಿಲ್ಲ. ಬೆಟ್ಟದ ಹೆಸರು ನಮ್ಮ ಬಾಯಲ್ಲಿ ಆ ಮರಕ್ಕೆ ಸೇರಿದೆ. ಇಲ್ಲೇ ಹುಟ್ಟಿದ ಹೂವಿಗೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹೆಸರಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ.

ಜನವರಿಯಲ್ಲಿ ಅದೇ ದರೆಗೆ ಮತ್ತೆ ಹೋದೆ. ಎದೆಯೆತ್ತರದ ಕಾಂಡ ಒಣಗಿ ಕಂದು ಕಡ್ಡಿಯಾಗಿತ್ತು. ತುದಿಯಲ್ಲಿ ಒಂದು ಕಾಯಿ ಮೂರು ಸೀಳಾಗಿ ಬಿರಿದಿತ್ತು. ಒಳಗೆ ಚಪ್ಪಟೆ ಬೀಜಗಳು ನಾಣ್ಯ ಜೋಡಿಸಿಟ್ಟ ಹಾಗೆ, ಪ್ರತಿಯೊಂದರ ಸುತ್ತ ತೆಳು ಪೊರೆಯ ರೆಕ್ಕೆ. ಗಾಳಿ ಬೀಸಿದಾಗ ನಾಲ್ಕೈದು ಹಾರಿದವು. ಒಂದು ನನ್ನ ಡ್ರಾಯಿಂಗ್ ಪುಸ್ತಕದ ಮೇಲೆ ಬಿತ್ತು. ಅಳತೆ ಬರೆದುಕೊಂಡು, ಹುಲ್ಲಿನ ಕಡೆಗೆ ಊದಿಬಿಟ್ಟೆ.