ಗೇನ್ ಇಳಿಸಿದ ಮೇಲೆ ರಿಫ್ ಕೇಳಿಸಿತು

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ಎದೆಗೆ ಗುದ್ದಿದ ಸದ್ದು ಪೂರ್ತಿ ಗಿಟಾರಿನದೇ ಅಂದುಕೊಂಡಿದ್ದೆ. ವರ್ಷಗಟ್ಟಲೆ ಅದನ್ನೇ ಹುಡುಕಿದೆ. ರೂಮಿನಲ್ಲಿ ಒಬ್ಬನೇ ನುಡಿಸುವಾಗ ಆಂಪ್‌ನಲ್ಲಿ ಗೇನ್ (ಡಿಸ್ಟಾರ್ಷನ್, ಅಂದರೆ ಸದ್ದಿನ ಒಡಕು, ಹೆಚ್ಚಿಸುವ ನಾಬ್) ಎಂಟು, ಬೇಸ್ (ಕೆಳಗಿನ ಸದ್ದು) ಎಂಟು, ಮಿಡ್ (ನಡುವಿನ ಸದ್ದು) ಎರಡು. ಕಿಟಕಿಯ ಗಾಜು ಅದುರುತ್ತಿತ್ತು. ಅದನ್ನೇ ಡ್ರಮ್ಸ್, ಬೇಸ್ ಗಿಟಾರ್ ಜೊತೆ ರೆಕಾರ್ಡ್ ಮಾಡಿ ಕೇಳಿದರೆ ರಿಫ್ಫೇ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕೇ, ಇಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದ ಹಾಗೆ ಬರೀ ಗುರ್ರ್ ಅನ್ನುವ ಸದ್ದು.

ನಾನು ಬಳಸುವುದು ಪೀವಿ 5150 ಅನ್ನುವ ಗಿಟಾರ್ ಆಂಪ್ಲಿಫೈಯರ್‌ನ ಸಾಫ್ಟ್‌ವೇರ್ ಮಾದರಿ. 1992ರಲ್ಲಿ ಬಂದ ಆ ಆಂಪ್‌ನಲ್ಲಿ ಗೇನ್‌ಗೆ ಬರವಿಲ್ಲ. ನನ್ನ ಗಿಟಾರ್ ಡ್ರಾಪ್ ಸಿ ಅನ್ನುವ ತಗ್ಗಿಸಿದ ಶ್ರುತಿಯಲ್ಲಿದೆ, ದಪ್ಪ ತಂತಿ ಸುಮಾರು 65 ಹರ್ಟ್ಜ್. ಅಷ್ಟು ಕೆಳಗಿನ ಸದ್ದು ಇಡಿಯಾಗಿ ಡಿಸ್ಟಾರ್ಷನ್ ಒಳಗೆ ಹೊಕ್ಕರೆ ರಾಡಿಯಾಗುತ್ತದೆ. ಆಮೇಲೆ ಬೇಸ್ ನಾಬ್ ಇಳಿಸಿದರೆ ರಾಡಿ ತೆಳ್ಳಗಾಗುತ್ತದೆ, ತಿಳಿಯಾಗುವುದಿಲ್ಲ. ಸೋಸುವುದೆಲ್ಲ ಆಂಪ್‌ಗೆ ಮುಂಚೆಯೇ ಆಗಬೇಕು. ಅದಕ್ಕೇ ಆಂಪ್‌ನ ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುಮಧ್ಯೆ. ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ಸದ್ದಿಗೆ ಅದು ಕಡಿಮೆ ಬಲ ಕೊಡುತ್ತದೆ. ಪೆಡಲ್ ಹಾಕಿದ ಕೂಡಲೇ ಗುರ್ರ್ ಹೋಗಿ ಜಗ್-ಜಗ್ ಬಿಡಿಬಿಡಿಯಾಗಿ ಕೇಳಿತು.

ಆಮೇಲೆ ದಪ್ಪ ತಂತಿಯನ್ನು ಪಾಮ್ ಮ್ಯೂಟ್ ಮಾಡುತ್ತಾ (ಅಂಗೈ ಅಂಚಿನಿಂದ ಹಗುರವಾಗಿ ಅದುಮಿ ನುಡಿಸುತ್ತಾ) ಗೇನ್ ಇಳಿಸುತ್ತಾ ಬಂದೆ. ನಾಲ್ಕೂವರೆಗೆ ಬರುವಷ್ಟರಲ್ಲಿ ಎರಡು ಹೊಡೆತಗಳ ನಡುವಿನ ಮೌನ ವಾಪಸ್ ಬಂತು. ಮಿಡ್ ಆರಕ್ಕೆ ಏರಿಸಿದೆ. ಒಂಟಿಯಾಗಿ ಕೇಳಿದರೆ ಈ ಟೋನ್ ಸಪ್ಪೆ. ಆದರೆ ಡ್ರಮ್ಸ್ ಜೊತೆ ಸೇರಿಸದೆ ಇದರ ಬಗ್ಗೆ ತೀರ್ಮಾನ ಮಾಡಲೇಬಾರದು. 90 ಹರ್ಟ್ಜ್‌ಗಿಂತ ಕೆಳಗಿನದನ್ನು ಗಿಟಾರ್ ಟ್ರ್ಯಾಕ್‌ನಿಂದ ಕತ್ತರಿಸಿ ಆ ಜಾಗವನ್ನು ಬೇಸ್ ಗಿಟಾರ್‌ಗೂ ಕಿಕ್ ಡ್ರಮ್‌ಗೂ ಬಿಟ್ಟುಕೊಟ್ಟಾಗ ಮೈದಾನದ ಆ ಗುದ್ದು ಸಿಕ್ಕಿತು. ಅದು ಬಂದದ್ದು ಅವೆರಡರಿಂದ.

ಕ್ಯಾಬ್‌ಗೆ (ಸ್ಪೀಕರ್ ಪೆಟ್ಟಿಗೆಗೆ) ವಿಂಟೇಜ್ 30 ಸ್ಪೀಕರ್, ಎಸ್‌ಎಂ57 ಮೈಕ್‌ನ ಐಆರ್, ಅಂದರೆ ಆ ಸ್ಪೀಕರ್-ಮೈಕ್ ಜೋಡಿಯ ಸದ್ದಿನ ಗುಣ ಹಿಡಿದಿಟ್ಟ ಫೈಲ್. ಮೈಕ್ ಕೋನ್‌ನ ನಟ್ಟನಡುವೆ ಇಟ್ಟದ್ದನ್ನು ಹಾಕಿದರೆ ಕಿವಿ ಚುಚ್ಚುತ್ತಿತ್ತು. ಒಂದಿಂಚು ಅಂಚಿನ ಕಡೆ ಸರಿಸಿದ್ದನ್ನು ಹಾಕಿದ ಮೇಲೆ ಈಕ್ಯೂ (ಮೇಲಿನ, ಕೆಳಗಿನ ಸದ್ದುಗಳನ್ನು ಹೊಂದಿಸುವ ಸಾಧನ) ಮುಟ್ಟುವ ಕೆಲಸವೇ ಬಹುತೇಕ ಉಳಿಯಲಿಲ್ಲ. ರಿಫ್ ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುತ್ತೇನೆ. ಒಂದೇ ಟೇಕನ್ನು ಕಾಪಿ ಮಾಡಿದರೆ ಅಗಲ ಬರುವುದಿಲ್ಲ, ಸದ್ದು ಜೋರಾಗುತ್ತದೆ ಅಷ್ಟೆ.

ಗೇನ್ ಇಳಿದ ಮೇಲೆ ಬಲಗೈಯ ತಪ್ಪುಗಳು ಬಯಲಾದವು. ನನ್ನ ಅಂಗೈ ತಂತಿಗಳು ಕೂರುವ ಬ್ರಿಡ್ಜ್‌ನಿಂದ ತುಸು ಮುಂದೆ ಕೂರುತ್ತಿತ್ತು, ಸ್ವರ ಸತ್ತು ಬರೀ ಟಪ್ ಅನ್ನುತ್ತಿತ್ತು. ತೀರಾ ಹಿಂದೆ ಸರಿದರೆ ತಂತಿ ತೆರೆದುಕೊಂಡು ಝೇಂಕರಿಸುತ್ತಿತ್ತು. ತಂತಿ ಬ್ರಿಡ್ಜ್ ಬಿಟ್ಟು ಹೊರಡುವ ಜಾಗದಲ್ಲೇ ಅಂಗೈಯ ಅಂಚು ಕೂರಬೇಕು. ಎರಡು ವಾರ ಮೆಟ್ರೋನೋಮ್ ಹಾಕಿಕೊಂಡು ಅದೊಂದನ್ನೇ ಅಭ್ಯಾಸ ಮಾಡಿದೆ. ಆ ಎರಡು ವಾರ ಒಂದು ನಾಬನ್ನೂ ಮುಟ್ಟಲಿಲ್ಲ.